ಜರ್ಮನ್ ಬಿಎ: ಭಾಷೆ ಕಲಿಯೋಕೆ ಸೇರೋದಾ, ಕಲಿತ ಮೇಲೆ ಸೇರೋದಾ?

ಕಾಗದದದೋಣಿ:
ಜರ್ಮನ್ ಕಲಿಕೆಯ ಆರು ಹಂತಗಳಲ್ಲಿ ಎರಡನೆಯದಾದ ಎ2 ಮುಗಿದಿದೆ, ಮೂರನೆಯದಾದ ಬಿ1 ಶುರುವಾಗಿದೆ. ಜರ್ಮನಿಗೇ ಹೋಗಿ ಪದವಿಗೆ ಜರ್ಮನ್ ಭಾಷೆ, ಸಂಸ್ಕೃತಿಯನ್ನೇ ಓದಬೇಕು ಅಂತ ಆಸೆ. ಮನೆಯಲ್ಲಿ ಎಲ್ಲರದ್ದೂ ಒಂದೇ ರಾಗ: "ಭಾಷೆ ಕಲಿಯೋಕೆ ಡಿಗ್ರಿ ಯಾಕೆ? ಸಂಜೆ ಕ್ಲಾಸ್ ಸಾಕು." ಅವರಿಗೆ ಏನು ಉತ್ತರ ಕೊಡಲಿ ಅಂತ ನನಗೇ ಗೊತ್ತಾಗ್ತಿಲ್ಲ. ಮೂರು ವರ್ಷ ಅಲ್ಲಿ ನಿಜವಾಗಿ ಏನು ಓದಿಸ್ತಾರೆ? ಬರೀ ವ್ಯಾಕರಣವಾ? "ಸಂಸ್ಕೃತಿ" ಅಂದರೆ ಹಬ್ಬ, ಊಟ, ಕೋಟೆಗಳ ಫೋಟೋನಾ? ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಹಿಂದಿನಬೆಂಚು:
ನಾನು ಓದಿದ್ದು ಅದನ್ನೇ. ಮನೆಯವರ ಮಾತು ಅರ್ಧ ಸರಿ. ಭಾಷೆ ಕಲಿಯೋದೇ ಗುರಿಯಾದರೆ ಜರ್ಮನ್ ಭಾಷೆ, ಸಾಹಿತ್ಯದ ಶಾಸ್ತ್ರೀಯ ಓದಾದ ಗೆರ್ಮಾನಿಸ್ಟಿಕ್‌ಗೆ ಹೋಗಬೇಡಿ. ಅಲ್ಲಿ ಭಾಷೆ ಕಲಿಸೋದಿಲ್ಲ, ನಿಮಗೆ ಬರುತ್ತೆ ಅಂತ ಇಟ್ಟುಕೊಂಡೇ ಪಾಠ ಶುರುವಾಗೋದು. ಜರ್ಮನ್ ಮಾಧ್ಯಮದ ಕೋರ್ಸಿಗೆ ಸಾಮಾನ್ಯವಾಗಿ ಡಿಎಸ್‌ಎಚ್ ಅನ್ನೋ ಭಾಷಾ ಪರೀಕ್ಷೆಯಲ್ಲಿ 2ನೇ ಮಟ್ಟ, ಇಲ್ಲವೇ ಟೆಸ್ಟ್‌ಡಾಫ್ ಅನ್ನೋ ಪರೀಕ್ಷೆಯ ನಾಲ್ಕೂ ಭಾಗದಲ್ಲಿ 4ನೇ ಮಟ್ಟ ಬೇಕು. ಗೆರ್ಮಾನಿಸ್ಟಿಕ್‌ಗೆ ಕೆಲವು ಕಡೆ ಅದಕ್ಕೂ ಮೇಲೆ ಕೇಳ್ತಾರೆ. ಪಕ್ಕದಲ್ಲಿ ಕೂತಿರೋರಿಗೆಲ್ಲ ಅದು ಮನೆಮಾತು. ನಿಮಗೋಸ್ಕರ ಯಾರೂ ನಿಧಾನವಾಗಿ ಮಾತಾಡಲ್ಲ.

ಹೆಚ್ಚಿನ ಕಡೆ ಓದು ಮೂರು ಕವಲು: ಭಾಷಾವಿಜ್ಞಾನ, ಹೊಸ ಸಾಹಿತ್ಯ, ಹಳೆಯ ಸಾಹಿತ್ಯ. ಮೊದಲೆರಡು ನೀವು ಊಹಿಸಿದ ಹಾಗೇ ಇರುತ್ತೆ. ಮೂರನೆಯದಕ್ಕೆ ಎಲ್ಲರೂ ಹೆದರೋದು, ನನಗೆ ಅದೇ ಹಿಡಿಸಿದ್ದು. ಸುಮಾರು 1200ರ ಹೊತ್ತಿನ ಮಧ್ಯ ಉನ್ನತ ಜರ್ಮನ್ (ಇಂದಿನ ಜರ್ಮನ್ನಿನ ಹಳೆಯ ರೂಪ) ಪಠ್ಯ ಮುಂದಿಟ್ಟಾಗ ಜರ್ಮನ್ ಹುಡುಗರೂ ತಡವರಿಸ್ತಾರೆ. ಆ ಒಂದು ಕ್ಲಾಸಲ್ಲಿ ನಾವೂ ಅವರೂ ಸಮಾನರು. ಪಂಪನನ್ನು ಒಂದಿಷ್ಟು ಓದಿದವರಿಗೆ ಆ ಕಷ್ಟ ಹೊಸದೇನಲ್ಲ. ಪದಾದಿಯ ಪಕಾರ ಕನ್ನಡದಲ್ಲಿ ಹಕಾರವಾದ ಕಥೆ ಗೊತ್ತಿದ್ದರೆ, ಲ್ಯಾಟಿನ್ನಿನಲ್ಲಿ ಹಾಗೇ ಉಳಿದ ಪಕಾರ ಜರ್ಮನಿಕ್ ಭಾಷೆಗಳಲ್ಲಿ ಫಕಾರವಾದ ಗ್ರಿಮ್ ನಿಯಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ. (ಹೌದು, ಮಕ್ಕಳ ಕಥೆಗಳ ಅದೇ ಗ್ರಿಮ್. ಅಣ್ಣ ತಮ್ಮ ಇಬ್ಬರೂ ಸೇರಿ ಶುರು ಮಾಡಿದ ನಿಘಂಟಿನ ಮೊದಲ ಸಂಪುಟ ಬಂದಿದ್ದು 1854ರಲ್ಲಿ, ಕೆಲಸ ಮುಗಿದಿದ್ದು 1961ರಲ್ಲಿ.)

ಇನ್ನು ಸಂಸ್ಕೃತಿ. ಒಂದು ಉದಾಹರಣೆ ಕೊಡ್ತೀನಿ. ನಿಬೆಲುಂಗೆನ್‌ಲೀಡ್ ಅನ್ನೋ ಮಹಾಕಾವ್ಯ ಬರೆದವರು ಯಾರೋ ಗೊತ್ತಿಲ್ಲ. ಮುಖ್ಯ ಹಸ್ತಪ್ರತಿಗಳು ಮೂರು: ಎ ಮ್ಯೂನಿಕ್‌ನಲ್ಲಿ, ಬಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲನ್‌ನಲ್ಲಿ, ಸಿ ಕಾರ್ಲ್ಸ್‌ರೂಹೆಯಲ್ಲಿ. ಗಂಡನ ಕೊಲೆಗೆ ಸೇಡು ತೀರಿಸಿಕೊಳ್ಳೋ ಕ್ರೀಮ್‌ಹಿಲ್ಡ್‌ಳನ್ನು ಸಿ ಪ್ರತಿ ಹೆಚ್ಚು ಕರುಣೆಯಿಂದ ನೋಡುತ್ತೆ, ತಪ್ಪಿನ ಭಾರವನ್ನು ಆ ಗಂಡನನ್ನು ಕೊಂದ ಹಾಗೆನ್ ಮೇಲೆ ಹೊರಿಸುತ್ತೆ. ಅಂದರೆ 13ನೇ ಶತಮಾನದಲ್ಲೇ ಯಾರೋ ಆ ಹೆಂಗಸಿನ ಪರ ವಕಾಲತ್ತು ವಹಿಸಿದ್ದಾರೆ! ನನ್ನ ಒಂದು ಹೌಸ್‌ಆರ್ಬೈಟ್ ಇದರ ಮೇಲೇ. ಹಾಗಂದರೆ ರಜೆಯಲ್ಲಿ ಕೂತು ಬರೆಯಬೇಕಾದ ಹದಿನೈದು ಪುಟದ ಪ್ರಬಂಧ, ರಜೆಯನ್ನು ಪೂರ್ತಿ ನುಂಗುತ್ತೆ. ಆದರೆ ಸೆಮಿನಾರ್ ಅಲ್ಲಿಗೆ ನಿಲ್ಲಲಿಲ್ಲ. ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ ಸೇನೆ ಸಾಯ್ತಿದ್ದಾಗ, 1943ರ ಜನವರಿ 30ರಂದು ನಾಝಿ ನಾಯಕ ಗೋರಿಂಗ್ ಇದೇ ಕಾವ್ಯದ ಉರಿಯೋ ಸಭಾಂಗಣದ ಪ್ರಸಂಗವನ್ನು ಎತ್ತಿಕೊಂಡು ಕೊನೆತನಕ ಹೋರಾಡಿ ಅಂತ ಭಾಷಣ ಮಾಡಿದ. ಹಳೇ ಕಾವ್ಯ ಅಂಥವರ ಕೈಗೆ ಹೇಗೆ ಸಿಕ್ತು, ಆ ದಾರಿ ಮಾಡಿಕೊಟ್ಟ ಪ್ರೊಫೆಸರುಗಳು ಯಾರು, ಅಂತ ಅದೇ ವಿಭಾಗದಲ್ಲೇ ಕೂತು ಓದ್ತೀವಿ. ಇದು ಸಂಜೆ ಕ್ಲಾಸಲ್ಲಿ ಸಿಗಲ್ಲ. ಮನೆಯವರಿಗೆ ಕೊಡಬೇಕಾದ ಉತ್ತರ ಇದೇ ಅಂತ ನನ್ನ ಅನಿಸಿಕೆ.

ಲೆಕ್ಕದಪುಸ್ತಕ:
ಮೇಲಿನವರು ಚೆನ್ನಾಗಿ ಬರೆದಿದ್ದಾರೆ, ಆದರೆ ದುಡ್ಡಿನ ಮಾತು ಯಾರು ಆಡೋದು? ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಐರೋಪ್ಯ ಒಕ್ಕೂಟದ ಹೊರಗಿನವರಿಂದ 2017ರ ಚಳಿಗಾಲದಿಂದ ಸೆಮಿಸ್ಟರಿಗೆ 1,500 ಯೂರೋ ತಗೊಳ್ಳೋಕೆ ಶುರು ಮಾಡಿತು. ಹೈಡೆಲ್‌ಬರ್ಗ್, ಟ್ಯೂಬಿಂಗೆನ್, ಫ್ರೈಬುರ್ಗ್ ಮೂರೂ ಅಲ್ಲೇ ಇವೆ, ಹೆಸರು ನೋಡಿ ಮರುಳಾಗೋ ಮುಂಚೆ ಇದು ನೆನಪಿರಲಿ. ವೀಸಾಕ್ಕೆ ತಿಂಗಳಿಗೆ ಇಷ್ಟೇ ಅಂತ ತೆಗೆಯೋಕೆ ಬಿಡೋ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು (2024ರ ಸೆಪ್ಟೆಂಬರಿನಿಂದ ಬಂದ ಮೊತ್ತ, ಹೋಗೋ ಹೊತ್ತಿಗೆ ಮತ್ತೆ ನೋಡಿ). ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದು, ಆದರೆ ಸೆಮಿನಾರ್ ಓದಿನ ಜೊತೆ ಅದು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನನ್ನನ್ನು ಕೇಳಿದರೆ ಬಿಎ ಬೇರೆ ಎಲ್ಲಾದರೂ ಮುಗಿಸಿ, ಎಂಎಗೆ ಡಾಫ್ ಹಿಡಿಯಿರಿ. ಜರ್ಮನ್ನನ್ನು ವಿದೇಶಿ ಭಾಷೆಯಾಗಿ ಕಲಿಸೋ ಶಾಸ್ತ್ರ ಅದು. ಲೈಪ್‌ಜಿಗ್‌ನ ಹೆರ್ಡರ್ ಸಂಸ್ಥೆ 1956ರಿಂದ ಈ ಕ್ಷೇತ್ರದಲ್ಲಿದೆ. ಕೊನೆಗೆ ಮೇಷ್ಟ್ರ ಕೆಲಸವಾದರೂ ಕೈಗೆ ಸಿಗುತ್ತೆ.

ಹಿಂದಿನಬೆಂಚು:
ಡಾಫ್ ಒಳ್ಳೆಯದೇ, ಒಪ್ತೀನಿ. ಆದರೆ ಅಲ್ಲಿ ಕೇಳೋದು ಹೇಗೆ ಕಲಿಸಬೇಕು ಅಂತ. ಇವರ ಪ್ರಶ್ನೆ ಅದಲ್ಲ ಅನ್ಸುತ್ತೆ.

ಮಳೆಬಿಲ್ಲು:
ಒಂದೇ ಮಾತು. ಜರ್ಮನ್ ಅಂದ ತಕ್ಷಣ ಜರ್ಮನಿ ಒಂದನ್ನೇ ನೋಡಬೇಡಿ, ವಿಯೆನ್ನಾ, ಜ್ಯೂರಿಚ್‌ನಲ್ಲೂ ದೊಡ್ಡ ವಿಭಾಗಗಳಿವೆ. ಜರ್ಮನ್‌ನಲ್ಲಿ ಬರೆದ ಕಾಫ್ಕಾ ಪ್ರಾಗ್‌ನವನು. ಜರ್ಮನ್‌ನಲ್ಲಿ ಬರೆದು ನೊಬೆಲ್ ಪಡೆದವರಲ್ಲಿ ಕನೆಟ್ಟಿ (1981) ಹುಟ್ಟಿದ್ದು ಬಲ್ಗೇರಿಯಾದಲ್ಲಿ, ಹೆರ್ಟಾ ಮ್ಯುಲರ್ (2009) ರೊಮೇನಿಯಾದಲ್ಲಿ.

ಕಾಗದದದೋಣಿ:
ಎಲ್ಲರಿಗೂ ಧನ್ಯವಾದ. ಹಸ್ತಪ್ರತಿ ಕಥೆ ಓದಿ ಅಮ್ಮನಿಗೂ ಕುತೂಹಲ ಬಂತು, ದುಡ್ಡಿನ ಲೆಕ್ಕ ಓದಿ ಅಪ್ಪ ಸುಮ್ಮನಾದರು. ಈಗ ಬಿ1ನಲ್ಲಿರೋಳು ಏನು ಮಾಡಬೇಕು? ಗಯಟೆಯಿಂದ ಓದೋಕೆ ಶುರು ಮಾಡಲಾ?

ಹಿಂದಿನಬೆಂಚು:
ಗಯಟೆ ಬೇಡ, ಈಗಲೇ ಬೇಡ. ಕಾಫ್ಕಾನ ಅರ್ಧ ಪುಟ, ಒಂದು ಪುಟದ ತುಣುಕುಗಳಿವೆ, ಅವುಗಳಿಂದ ಶುರು ಮಾಡಿ. ಪದಗಳು ಸರಳ. ವಾಕ್ಯ ಉದ್ದವಾದರೂ ಕೊಂಡಿ ಕಳಚಲ್ಲ. ನಿಮಗೆ ನೇರ ಪ್ರವೇಶದ ಅರ್ಹತೆ ಇಲ್ಲದಿದ್ದರೆ ಸ್ಟೂಡಿಯನ್‌ಕೊಲೆಗ್ ಅಂತ ಒಂದು ವರ್ಷದ ಸಿದ್ಧತಾ ಓದು ಮಾಡಬೇಕು, ಅದರಲ್ಲಿ ಗೆರ್ಮಾನಿಸ್ಟಿಕ್‌ನಂಥ ಮಾನವಿಕ ವಿಷಯಗಳಿಗೆ ಜಿ-ಕೋರ್ಸ್. ಅದಕ್ಕೆ ಸಾಮಾನ್ಯವಾಗಿ ಬಿ1ರಿಂದ ಬಿ2 ಸಾಕು, ಹಾಗಾಗಿ ನೀವು ತೀರಾ ದೂರದಲ್ಲೇನೂ ಇಲ್ಲ. ಅಕ್ಟೋಬರಿಗೆ ಶುರುವಾಗೋ ಚಳಿಗಾಲದ ಸೆಮಿಸ್ಟರಿಗೆ ಪದವಿ ಅರ್ಜಿಯ ಕೊನೆ ದಿನ ಬಹಳ ಕಡೆ ಜುಲೈ 15. ಸ್ಟೂಡಿಯನ್‌ಕೊಲೆಗ್‌ಗಳ ದಿನಾಂಕ ಬೇರೆ ಇರುತ್ತೆ, ಪ್ರವೇಶ ಪರೀಕ್ಷೆಯೂ ಇರುತ್ತೆ. ಆಯಾ ಕೊಲೆಗ್‌ನ ಪುಟದಲ್ಲಿ ಹಳೆಯ ಮಾದರಿ ಪ್ರಶ್ನೆಪತ್ರಿಕೆ ಸಿಕ್ಕರೆ ಇವತ್ತೇ ಒಂದು ಬಿಡಿಸಿ ನೋಡಿ, ಎಲ್ಲಿ ಎಡವಿದ್ರಿ ಅಂತ ಇಲ್ಲೇ ಹಾಕಿ.