ಎಲುಬಿಗೆ ಐದು ಲಕ್ಷ: ನಮ್ಮ ಮನೆ ಗುಂಪಿನ ಒಂದು ರಾತ್ರಿ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಹೂವು, ಶರಣಬಸವೇಶ್ವರ ಗುಡಿಯ ಫೋಟೋ, ತೊಗರಿ ದರ ಬಿಟ್ಟರೆ ಬೇರೇನೂ ಇರುವುದಿಲ್ಲ. ಹೋದ ಶನಿವಾರ ಮಾತ್ರ ಎರಡು ಗಂಟೆ ಜಗಳ ನಡೆಯಿತು. ಮನೆಯವರನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಗಾಗಿ ನನ್ನ ಫೋನಿನಲ್ಲಿ ಹೇಗೆ ಸೇವ್ ಆಗಿದ್ದಾರೋ ಹಾಗೇ ಇಟ್ಟಿದ್ದೇನೆ. ನಾನು ಕಲಬುರಗಿಯಲ್ಲಿ ಒಬ್ಬ ವಕೀಲರ ಹತ್ತಿರ ಆರು ವರ್ಷದಿಂದ ಟೈಪಿಂಗ್ ಮಾಡುವವಳು. ವಕೀಲಳಲ್ಲ. ಆದರೆ ಅಪಘಾತದ ಫೈಲು ಟೈಪ್ ಮಾಡಿ ಮಾಡಿ ಬೆರಳು ಸವೆದಿವೆ.

ಆಗಿದ್ದು ಇಷ್ಟು. ಎಳ್ಳಮಾಸಿಯ ಹಿಂದಿನ ರಾತ್ರಿ ನನ್ನ ತಮ್ಮ, ಒಬ್ಬ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಊರಿಗೆ ಬರುತ್ತಿದ್ದ. ತಮ್ಮ ಅಂದರೆ ನಮ್ಮ ಸಣ್ಣ ಕಾಕಾನ ಮಗ, 28 ವರ್ಷ, ನೆಲಕ್ಕೆ ಫರ್ಸಿ ಕಲ್ಲು ಹಾಸುವ ಕೆಲಸ. ಅಫಜಲಪುರ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಕತ್ತಲಲ್ಲಿ ನಿಂತಿತ್ತು. ಟ್ರಾಲಿಗೆ ಹಿಂದಿನಿಂದ ಬಡಿದ. ಬಲಗಾಲಿನ ಮೊಣಕಾಲ ಕೆಳಗಿನ ದೊಡ್ಡ ಎಲುಬು ಮುರಿದು ಚರ್ಮ ಹರಿದು ಹೊರಗೆ ಕಂಡಿತ್ತು. ಗೆಳೆಯನಿಗೆ ತರಚು ಗಾಯ. ಸಣ್ಣ ಕಾಕಾ ತೀರಿಕೊಂಡು ನಾಲ್ಕು ವರ್ಷ ಆಗಿದೆ, ಮನೆ ನಡೆಸುವವನು ತಮ್ಮನೇ. ಕೆಳಗೆ ಬರುವ ಕಾಕು ಅವನ ಅವ್ವ.

ಸೇಡಂ ಮಾಮಾ ಒಂದು ಪೋಸ್ಟರ್ ಫಾರ್ವರ್ಡ್ ಮಾಡಿದರು. ಅಲ್ಲಿಂದ ಶುರು.

ಸೇಡಂ ಮಾಮಾ: "ಬೈಕ್ ಅಪಘಾತದಲ್ಲಿ ಎಲುಬು ಮುರಿದಿದೆಯೇ? ಒಂದು ಎಲುಬಿಗೆ 5 ಲಕ್ಷ, ಎರಡಕ್ಕೆ 10 ಲಕ್ಷ ಗ್ಯಾರಂಟಿ. ಮುಂಗಡ ಬೇಡ. ಬಂದ ಹಣದಲ್ಲಿ 30% ಮಾತ್ರ."

ಸೇಡಂ ಮಾಮಾ: ಇವರಿಗೆ ಫೋನ್ ಹಚ್ಚಿದ್ದೆ. ನಾಳೆ ಮನೆಗೇ ಬರುತ್ತಾರಂತೆ.

ದೊಡ್ಡ ಕಾಕಾ: ಯಾರೂ ಬರುವುದು ಬೇಡ. ಟ್ರ್ಯಾಕ್ಟರ್ ಮಾಲೀಕರು ನಮ್ಮ ಬೀಗರ ಊರಿನವರು. 40 ಸಾವಿರ ಕೊಡುತ್ತೇನೆ ಅಂದಿದ್ದಾರೆ. ಸೋಮವಾರ ಗಂಜ್ ಮಾರುಕಟ್ಟೆಯಲ್ಲಿ ಕೂತು ಮುಗಿಸುತ್ತೇನೆ.

ಕಾಕು: 40 ಸಾವಿರ ಔಷಧಕ್ಕೇ ಹೋಗಿದೆ ಭಾವಾ. ಕೊರಳಿನ ಸರ ಅಡ ಇಟ್ಟು ಎರಡು ಲಕ್ಷ ತಂದಿದ್ದೇನೆ.

ದೊಡ್ಡ ಕಾಕಾ: ಕೋರ್ಟಿಗೆ ಹೋದರೆ ಇನ್ನೊಂದು ಸರ ಬೇಕಾಗುತ್ತದೆ.

ನಾನು: ಮಾಮಾ, ಎಲುಬಿಗೆ ರೇಟ್ ಹಚ್ಚಲು ಇದೇನು ತೊಗರಿಯಾ? ಹಾಗೆ ಯಾವ ಕೋರ್ಟಿನಲ್ಲೂ ಇಲ್ಲ. ಇನ್ನೊಂದು, ಬಂದ ಹಣದಲ್ಲಿ ಪಾಲು ಅಂತ ವಕೀಲರು ಮಾತಾಡಿಕೊಳ್ಳುವ ಹಾಗೇ ಇಲ್ಲ. ಬಾರ್ ಕೌನ್ಸಿಲ್ ನಿಯಮದಲ್ಲೇ ಅದಕ್ಕೆ ತಡೆ ಇದೆ. ಪಾಲು ಕೇಳುವವನು ವಕೀಲನೋ ದಲ್ಲಾಳಿಯೋ ಮೊದಲು ನೋಡಿ.

ಸೇಡಂ ಮಾಮಾ: ಹಾಗಾದರೆ ಲೆಕ್ಕ ಹೇಗೆ, ನೀನೇ ಹೇಳು.

ನಾನು: ಕಾಲು ಎಷ್ಟು ಕೆಟ್ಟಿದೆ ಅನ್ನುವುದಕ್ಕಿಂತ ದುಡಿಮೆ ಎಷ್ಟು ಕೆಟ್ಟಿದೆ ಅಂತ ನೋಡುತ್ತಾರೆ. 2010ರಲ್ಲಿ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ. ಡಾಕ್ಟರ್ ಕಾಲಿಗೆ 30% ಊನ ಅಂತ ಬರೆದರೆ ಇಡೀ ಮೈಗೆ ಅದರ ಮೂರನೇ ಒಂದು ಭಾಗ, ಅಂದರೆ 10% ಹಿಡಿಯುವುದು ವಾಡಿಕೆ. ತಿಂಗಳಿಗೆ 15 ಸಾವಿರ ಆದಾಯ ಅಂದುಕೊಳ್ಳಿ. ಅದನ್ನು 12ರಿಂದ ಗುಣಿಸಿ. ಬಂದದ್ದನ್ನು ಮತ್ತೆ 17ರಿಂದ ಗುಣಿಸಿ, 28 ವರ್ಷದವನಿಗೆ ಅದೇ ಗುಣಕ, 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿದೆ. ಅದರ 10% ಅಂದರೆ 3,06,000. ಅದೇ ಕೋರ್ಟು 20% ಒಪ್ಪಿದರೆ 6,12,000.

ಸೇಡಂ ಮಾಮಾ: 10 ಇದ್ದದ್ದು 20 ಹೇಗಾಗುತ್ತದೆ?

ನಾನು: ಮೇಜಿನ ಮುಂದೆ ಕೂತು ಕೆಲಸ ಮಾಡುವವನಿಗೆ 10%. ಫರ್ಸಿ ಹಾಸುವವನು ಇಡೀ ದಿನ ಕುಕ್ಕರಗಾಲಲ್ಲಿ ಇರಬೇಕು. ಮೊಣಕಾಲು ಪೂರ್ತಿ ಮಡಚದಿದ್ದರೆ ಅವನ ಕೆಲಸ ಎಲ್ಲಿ ಉಳಿಯಿತು? ಅದನ್ನು ಸಾಕ್ಷಿ ಹಾಕಿ ತೋರಿಸಬೇಕು. ಇದರ ಮೇಲೆ ಆಸ್ಪತ್ರೆ ಬಿಲ್ಲು, ನೋವಿಗೆ, ಮಲಗಿದ ತಿಂಗಳುಗಳ ಕೂಲಿ, ನೋಡಿಕೊಂಡವರ ಖರ್ಚು, ಮುಂದೆ ರಾಡ್ ತೆಗೆಸುವ ಆಪರೇಷನ್ನು, ಎಲ್ಲ ಬೇರೆ ಬೇರೆ.

ತಮ್ಮ: ಅಕ್ಕಾ, ಈಗ ಕುಕ್ಕರಗಾಲು ಬಿಡು, ಕಕ್ಕಸಿಗೆ ಕೂರುವುದೇ ಆಗುತ್ತಿಲ್ಲ.

ಇಷ್ಟಾದ ಮೇಲೆ ಮೂರು ನಿಮಿಷ ಯಾರೂ ಏನೂ ಬರೆಯಲಿಲ್ಲ. ಕಾಕು ಒಂದು ಕೈ ಮುಗಿದ ಚಿತ್ರ ಹಾಕಿದರು.

ದೊಡ್ಡ ಕಾಕಾ: ಲೆಕ್ಕ ಚಂದ ಇದೆ. ಆದರೆ ಅವನು ಹಿಂದಿನಿಂದ ಹೋಗಿ ಗುದ್ದಿದ್ದು. ಹೆಲ್ಮೆಟ್ ಬೇರೆ ಇರಲಿಲ್ಲ. ತಪ್ಪು ನಮ್ಮದೇ ಇಟ್ಟುಕೊಂಡು ಯಾವ ಮುಖದಿಂದ ಕೇಳುವುದು?

ನಾನು: ಹೆಲ್ಮೆಟ್ ಇಲ್ಲದ್ದಕ್ಕೆ ದಂಡ ಇದೆ, ಲೈಸೆನ್ಸ್ 3 ತಿಂಗಳು ಅಮಾನತ್ತೂ ಆಗಬಹುದು. ಅದು ಬೇರೆ ಮಾತು. ಹೆಲ್ಮೆಟ್ ಹಾಕಿದ್ದರೆ ಕಾಲು ಉಳಿಯುತ್ತಿತ್ತಾ ಕಾಕಾ? ಕಾನೂನು ಮುರಿದದ್ದಕ್ಕೂ ಆದ ಗಾಯಕ್ಕೂ ಸಂಬಂಧ ಇರಬೇಕು. ಬೈಕಿನಲ್ಲಿ ಮೂವರು ಕೂತಿದ್ದ ಕೇಸಿನಲ್ಲೇ 2020ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ.

ನಾನು: ಹಿಂದಿನಿಂದ ಗುದ್ದಿದ್ದು ಮಾತ್ರ ನಿಜವಾದ ತೊಡಕು. ವಿಮೆಯವರು ಅದನ್ನೇ ಹಿಡಿದು ಜಗ್ಗುತ್ತಾರೆ. ಇವನದೂ ಇಷ್ಟು ಪಾಲು ತಪ್ಪು ಅಂತ ಕೋರ್ಟು ಹೇಳಿದರೆ ಅಷ್ಟು ಕಡಿತ. ಆದರೆ ಟ್ರಾಲಿಗೆ ಹಿಂದೆ ಕೆಂಪು ದೀಪ ಇರಲಿಲ್ಲ, ರೇಡಿಯಂ ಪಟ್ಟಿ ಇರಲಿಲ್ಲ, ಅರ್ಧ ರಸ್ತೆಯಲ್ಲಿ ನಿಂತಿತ್ತು ಅಂತ ಪಂಚನಾಮೆಯಲ್ಲಿ ಬಂದರೆ ಮಾತು ಬದಲಾಗುತ್ತದೆ.

ಸೇಡಂ ಮಾಮಾ: ತಪ್ಪೇ ಕೇಳದೆ ಕೊಡುವ ಕಾನೂನು ಇದೆ ಅಂದಿದ್ದರು ಫೋನಿನಲ್ಲಿ.

ನಾನು: ಇದೆ, ಮೋಟಾರು ವಾಹನ ಕಾಯ್ದೆಯ 164ನೇ ಕಲಂ. ಗಂಭೀರ ಗಾಯಕ್ಕೆ 2.5 ಲಕ್ಷ, ಸತ್ತರೆ 5 ಲಕ್ಷ. 2022ರ ಏಪ್ರಿಲ್‌ನಿಂದ ಬಂದಿದೆ. ಎಲುಬು ಮುರಿದರೆ ಕಾನೂನಿನಲ್ಲಿ ಅದು ಗಂಭೀರ ಗಾಯವೇ. ಆದರೆ 2.5 ಲಕ್ಷ ಅಂದರೆ ಅಷ್ಟೇ, ಮುಗಿಯಿತು. ನಮ್ಮ ತಮ್ಮನದು ಅದಕ್ಕಿಂತ ದೊಡ್ಡ ನಷ್ಟ. ತಪ್ಪು ಯಾರದು ಅಂತ ತೋರಿಸಿ ಪೂರ್ತಿ ನಷ್ಟ ಕೇಳುವ 166ನೇ ಕಲಮಿನ ಕೆಳಗೆ ಹೋಗುವುದೇ ಸರಿ ಅನಿಸುತ್ತದೆ.

ದೊಡ್ಡ ಕಾಕಾ: ಗೊತ್ತಿದ್ದ ಮಂದಿಯ ಮೇಲೆ ಕೇಸ್ ಹಾಕಿ ನಾಳೆ ಜಾತ್ರೆಯಲ್ಲಿ ಮುಖ ಹೇಗೆ ತೋರಿಸುವುದು? ನೀ ಸುಮ್ನಿರವ್ವಾ.

ನಾನು: ಟ್ರ್ಯಾಕ್ಟರಿಗೆ ವಿಮೆ ಇದ್ದರೆ ಕೊಡುವುದು ಕಂಪನಿ, ಅವರ ಜೇಬಲ್ಲ. ಅವರು ಕಟ್ಟಿದ ಪ್ರೀಮಿಯಂ ಮತ್ತೆ ಯಾಕೆ? ನೀವು 40 ಸಾವಿರಕ್ಕೆ ಒಪ್ಪಿದರೆ ಅದು ಅವರ ಜೇಬಿನಿಂದಲೇ ಹೋಗುತ್ತದೆ. ನೀವೇ ಅವರಿಗೆ ಹೆಚ್ಚು ಹೊರೆ ಹೊರಿಸುತ್ತಿದ್ದೀರಿ.

ಈ ಮಾತು ಕಾಕಾಗೆ ಹಿಡಿಸಿತು ಅಂತ ಆಮೇಲೆ ಗೊತ್ತಾಯಿತು. ಆಗ ಮಾತ್ರ ಉತ್ತರ ಬರಲಿಲ್ಲ. ಬದಲಿಗೆ ಮಾಮಾ ತಮ್ಮ ಬುದ್ಧಿ ಓಡಿಸಿದರು.

ಸೇಡಂ ಮಾಮಾ: ನಾನು ವಿಚಾರಿಸಿದೆ. ಆ ಟ್ರ್ಯಾಕ್ಟರಿನ ವಿಮೆ ಇದೆಯಂತೆ, ಟ್ರಾಲಿಯದು ಗೊತ್ತಿಲ್ಲ. ತೊಂದರೆ ಇದ್ದರೆ ಹೇಳಿ. ನಮ್ಮ ಕಡೆ ಎಲ್ಲ ಕಾಗದ ಸರಿ ಇರುವ ಒಂದು ಟೆಂಪೋ ಇದೆ. ಅದೇ ಗುದ್ದಿತು ಅಂತ ಬರೆಸೋಣ.

ಬೀದರ್ ಅಕ್ಕ: ಮಾಮಾ!! ಇದನ್ನು ಗುಂಪಿನಲ್ಲಿ ಬರೆಯುತ್ತಿದ್ದೀರಲ್ಲ.

ನಾನು: ಮಾಮಾ, ಆ ಮೆಸೇಜ್ ಅಳಿಸಿ. ಆಮೇಲೆ ಆ ಯೋಚನೆಯನ್ನೂ ಅಳಿಸಿ. ವಿಮೆಯವರು ತನಿಖೆಗೆ ಜನ ಇಟ್ಟಿರುತ್ತಾರೆ. ಟೆಂಪೋ ಮೇಲೆ ಗುದ್ದಿದ ಗುರುತು ಎಲ್ಲಿ, ಆ ರಾತ್ರಿ ಅದು ಎಲ್ಲಿತ್ತು, ಎಲ್ಲ ಕೇಳುತ್ತಾರೆ. ಸಿಕ್ಕಿಬಿದ್ದರೆ ಹಣ ಹೋಗುವುದಷ್ಟೇ ಅಲ್ಲ, ತಮ್ಮನ ಮೇಲೇ ಕ್ರಿಮಿನಲ್ ಕೇಸ್.

(ಮಾಮಾ ಅಳಿಸಿದರು. "ಸುಮ್ನೆ ಹೇಳಿದೆ" ಅಂದರು. ಇಂಥ ಫೈಲು ನಾನು ನೋಡಿದ್ದೇನೆ, ಸುಮ್ನೆ ಹೇಳಿದವರು ಸುಮ್ನೆ ಜಾರಿಕೊಂಡಿರುತ್ತಾರೆ.)

ಬೀದರ್ ಅಕ್ಕ: ನನಗೆ ಒಂದು ತಿಳಿಯುತ್ತಿಲ್ಲ. ಕಾಕು ಸರ ಅಡ ಇಟ್ಟಿದ್ದು ಯಾಕೆ? ರಸ್ತೆ ಅಪಘಾತಕ್ಕೆ ಮೊದಲ 7 ದಿನ 1.5 ಲಕ್ಷದವರೆಗೆ ನಗದಿಲ್ಲದೆ ಚಿಕಿತ್ಸೆ ಕೊಡುವ ಯೋಜನೆ 2025ರ ಮೇ ತಿಂಗಳಿಂದ ಇದೆ. ನಮ್ಮ ಆಸ್ಪತ್ರೆಯಲ್ಲಿ ಬರುವವರಿಗೆ ನಾವೇ ಹೇಳುತ್ತೇವೆ. ಪೊಲೀಸರು ಅಪಘಾತ ಅಂತ ದೃಢ ಮಾಡಬೇಕು ಅಷ್ಟೇ. ಎಫ್‌ಐಆರ್ ನಂಬರ್ ಏನು?

ಕಾಕು: ಅದೇನೋ ಭಾವಾಗೆ ಗೊತ್ತು.

ತಮ್ಮ: ಎಫ್‌ಐಆರ್ ಆಗಿಲ್ಲ ಅಕ್ಕಾ.

ನಾನು: ಐದು ವಾರ ಆಯಿತು! ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ ಮಾಡಿ ಠಾಣೆಗೆ ಹೇಳಿರಲೇಬೇಕಲ್ಲ?

ನಾನು: ಕಾಕಾ, ಇದ್ದೀರಾ?

ಕಾಕಾ ಟೈಪ್ ಮಾಡುತ್ತಿದ್ದಾರೆ ಅಂತ ಬರುವುದು, ನಿಲ್ಲುವುದು, ಮತ್ತೆ ಬರುವುದು. ಕೊನೆಗೆ ಬಂದಿದ್ದು ಒಂದು ಸಾಲು.

ದೊಡ್ಡ ಕಾಕಾ: ಬೈಕ್ ಸ್ಲಿಪ್ ಆಗಿ ಬಿದ್ದ ಅಂತ ಆಸ್ಪತ್ರೆಯಲ್ಲಿ ನಾನೇ ಬರೆಸಿದೆ.

ದೊಡ್ಡ ಕಾಕಾ: ರಾತ್ರಿ ಹನ್ನೊಂದು ಗಂಟೆ. ಹುಡುಗನ ಕಾಲಿಂದ ರಕ್ತ ಹೋಗುತ್ತಿತ್ತು. ಪೊಲೀಸ್ ಅಂದರೆ ತಡ ಮಾಡುತ್ತಾರೆ, ಹೆಲ್ಮೆಟ್ ಕೇಳುತ್ತಾರೆ, ಗಾಡಿ ಒಯ್ಯುತ್ತಾರೆ ಅಂತ ಅನಿಸಿತು. ಮಾಲೀಕರೂ ಪಕ್ಕದಲ್ಲೇ ನಿಂತಿದ್ದರು. ನಾನು ನೋಡಿಕೊಳ್ಳುತ್ತೇನೆ ಅಂದರು.

ಆರು ವರ್ಷದಲ್ಲಿ ನಾನು ಟೈಪ್ ಮಾಡಿದ, ಸೋತ ಫೈಲುಗಳಲ್ಲಿ ಈ ಒಂದು ಸಾಲು ಎಷ್ಟು ಸಲ ಬಂದಿದೆಯೋ. "ಸ್ಲಿಪ್ ಆಗಿ ಬಿದ್ದ." ವಿಮೆಯ ವಕೀಲರು ಮೊದಲು ತರಿಸುವುದೇ ಆಸ್ಪತ್ರೆಯ ಆ ರಿಜಿಸ್ಟರ್. ತಾನೇ ಬಿದ್ದವನಿಗೆ ಇನ್ನೊಬ್ಬರ ಗಾಡಿಯ ವಿಮೆ ಕೊಡುವುದಿಲ್ಲ. ತನ್ನ ಗಾಡಿಯ ಥರ್ಡ್ ಪಾರ್ಟಿಯೂ ಕೊಡುವುದಿಲ್ಲ. ಕಡ್ಡಾಯವಾಗಿ ಮಾಡಿಸುವ 15 ಲಕ್ಷದ ಮಾಲೀಕ-ಸವಾರ ವಿಮೆ ಸಾವಿಗೆ, ಕೈಕಾಲು ಪೂರ್ತಿ ಹೋದದ್ದಕ್ಕೆ. ಕೂಡುವ ಎಲುಬಿಗೆ ಅಲ್ಲ. ಕಾಕಾನ ಮೇಲೆ ಸಿಟ್ಟು ಬಂದಿತ್ತು, ಆದರೆ ಆ ಹೊತ್ತಿನಲ್ಲಿ ನಾನೇ ಇದ್ದಿದ್ದರೂ ಡಾಕ್ಟರ್ ಬೇಗ ಬರಲಿ ಅಂತ ಏನು ಬೇಕಾದರೂ ಬರೆಸುತ್ತಿದ್ದೆನೇನೋ.

ಸೇಡಂ ಮಾಮಾ: ಮುಗಿಯಿತು ಬಿಡಿ. 40 ಸಾವಿರವೇ ಗತಿ.

ನಾನು: ಮುಗಿದಿಲ್ಲ. ತಮ್ಮಾ, ಆ ರಾತ್ರಿ 108 ಬಂದಿತ್ತಾ?

ತಮ್ಮ: ಬಂದಿತ್ತು. ಟ್ರಾಲಿ ಹತ್ತಿರವೇ ಎತ್ತಿಕೊಂಡರು. ಹಿಂದೆ ಕೂತಿದ್ದ ಗೆಳೆಯ ಫೋಟೋನೂ ತೆಗೆದಿದ್ದಾನೆ. ನನ್ನ ಬೈಕ್ ಟ್ರಾಲಿ ಕೆಳಗೆ ಇದೆ, ನಂಬರ್ ಪ್ಲೇಟ್ ಕಾಣುತ್ತದೆ.

ನಾನು: ಆ ಫೋಟೋ ಯಾರಿಗೂ ವಾಟ್ಸಾಪ್ ಮಾಡಬೇಡ, ಅವನ ಫೋನಿನಲ್ಲೇ ಇರಲಿ. ಎಫ್‌ಐಆರ್ ತಡವಾದ ಮಾತ್ರಕ್ಕೆ ಪರಿಹಾರದ ಅರ್ಜಿ ಬೀಳುವುದಿಲ್ಲ, ತಡ ಯಾಕೆ ಅಂತ ನಂಬುವ ಹಾಗೆ ಹೇಳಬೇಕು. 108ರ ದಾಖಲೆ, ಗೆಳೆಯನ ಹೇಳಿಕೆ, ಫೋಟೋ, ಮಾಲೀಕರು 40 ಸಾವಿರಕ್ಕೆ ಕಳಿಸಿದ ಮೆಸೇಜು, ಇವೆಲ್ಲ ಇವೆ. ಜೊತೆಗೆ ಸ್ಲಿಪ್ ಅಂತ ಬರೆಸಿದವರು ಯಾಕೆ ಬರೆಸಿದೆ ಅಂತ ಹೇಳಬೇಕು.

ನಾನು: ಅರ್ಜಿಗೆ ಕಾನೂನಿನಲ್ಲಿ 6 ತಿಂಗಳ ಗಡುವು. ತಡ ಆಯಿತೆಂದು ಅರ್ಜಿ ತಳ್ಳಬೇಡಿ ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿದೆ. ಅದನ್ನು ನಂಬಿ ಕೂರುವುದು ಬೇಡ.

ಕಾಕು: ನಡುವೆ ಒಂದು ಮಾತು. ಹಳ್ಳಿಯಲ್ಲಿ ಎಲುಬಿಗೆ ಕಟ್ಟು ಹಾಕುವವರು ಇದ್ದಾರೆ, ಎಣ್ಣೆ ತಿಕ್ಕಿ ಕಟ್ಟಿದರೆ ಬೇಗ ಕೂಡುತ್ತದೆ ಅಂತಾರೆ. ಮಂಗಳವಾರ ಕರೆದುಕೊಂಡು ಹೋಗಲಾ?

ಬೀದರ್ ಅಕ್ಕ: ಬೇಡ ಕಾಕು. ಚರ್ಮ ಹರಿದ ಮುರಿತ ಅದು. ಒಳಗೆ ರಾಡ್ ಇದೆ. ಗಾಯದಲ್ಲಿ ಕೀವು ಆಗಿ ಎಲುಬಿಗೆ ಇಳಿದರೆ ವರ್ಷಗಟ್ಟಲೆ ಬಿಡುವುದಿಲ್ಲ. ನಾಲ್ಕರಿಂದ ಆರು ತಿಂಗಳು ಹಿಡಿಯುವ ಕೂಡಿಕೆ ಇದು, ಅವಸರ ಮಾಡಿದರೆ ಆಗುವುದಿಲ್ಲ. ಜ್ವರ, ಊತ, ಗಾಯದಲ್ಲಿ ನೀರು ಕಂಡರೆ ಅವತ್ತೇ ಆಸ್ಪತ್ರೆಗೆ. ತಮ್ಮಾ, ನೀನು ಬೀಡಿ ಬಿಟ್ಟಿದ್ದೀಯಾ? ಬೀಡಿ ಸೇದಿದರೆ ಎಲುಬು ಕೂಡುವುದು ತಡ.

ತಮ್ಮ: ಅಕ್ಕಾ, ಗುಂಪಿನಲ್ಲಿ ಅವ್ವ ಇದ್ದಾಳೆ.

ಕಾಕು: ಯಾವ ಬೀಡಿ?

ಬೀಡಿಯ ವಿಚಾರಕ್ಕೆ ಹದಿನೈದು ಮೆಸೇಜು ಬಂದವು. ಅವನ್ನು ಬಿಟ್ಟಿದ್ದೇನೆ.

ಸೇಡಂ ಮಾಮಾ: ಎಷ್ಟು ವರ್ಷ ಆಗುತ್ತದೆ ಇದೆಲ್ಲ? ಮೇಲಿನ ಕೋರ್ಟಿಗೆ ಹೋದರೆ ಬೆಂಗಳೂರಿಗೆ ಯಾರು ಅಲೆಯುತ್ತಾರೆ?

ನಾನು: ಬೇಗ ಆಗುತ್ತದೆ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಅರ್ಜಿ ಹಾಕಿದ ದಿನದಿಂದ ಬಡ್ಡಿ ಕೊಡಿಸುತ್ತಾರೆ. ಲೋಕ ಅದಾಲತ್‌ನಲ್ಲಿ ಮುಗಿಸಿದರೆ ಬೇಗ, ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಬೆಂಗಳೂರಿನ ಮಾತು ಹಳೆಯದು ಮಾಮಾ, 2008ರಿಂದ ಹೈಕೋರ್ಟ್ ಕಲಬುರಗಿಯಲ್ಲೇ ಕೂರುತ್ತದೆ.

ದೊಡ್ಡ ಕಾಕಾ: ಟ್ರ್ಯಾಕ್ಟರ್ ಮಾಲೀಕರಿಗೆ ನಾನು ಫೋನ್ ಮಾಡಿ ಹೇಳಿದೆ. ವಿಮೆಯಿಂದ ಬರುವುದಾದರೆ ನನ್ನದೇನೂ ತಕರಾರಿಲ್ಲ ಅಂದರು. ಕೇಸು ಮಾತ್ರ ಡ್ರೈವರ್ ಹುಡುಗನ ಮೇಲೆ ಬರುತ್ತದಲ್ಲ ಅಂತ ಬೇಜಾರು ಮಾಡಿಕೊಂಡರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು: ನನ್ನ ಹತ್ತಿರವೂ ಇಲ್ಲ ಕಾಕಾ. ಬರುತ್ತದೆ.

ದೊಡ್ಡ ಕಾಕಾ: ಸೋಮವಾರ ಗಂಜಿಗೆ ಹೋಗುವುದಿಲ್ಲ. ಠಾಣೆಗೆ ಬರುತ್ತೇನೆ. ಬರೆಸಿದವನು ನಾನು, ಹೇಳಬೇಕಾದವನೂ ನಾನೇ. ಏನೇನು ತರಬೇಕು?

ನಾನು: ಡಿಸ್ಚಾರ್ಜ್ ಸಮ್ಮರಿ, ಎಲ್ಲ ಬಿಲ್ಲು, ಔಷಧದ ಚೀಟಿ ಕೂಡ. ಬೈಕಿನ ಆರ್‌ಸಿ, ಲೈಸೆನ್ಸ್. ಎಕ್ಸ್‌ರೇ ಫಿಲ್ಮ್ ಎಲ್ಲಾ, ಆಪರೇಷನ್ ಮುಂಚಿನದು ಮುಖ್ಯ. ಕಾಕು, ಅದು ನಿಮ್ಮ ಹತ್ತಿರ ಇದೆ ಅಲ್ವಾ?

ಕಾಕು: ಇದೆ. ಅವನ ಮುಖಕ್ಕೆ ಬಿಸಿಲು ಬಡಿಯುತ್ತಿತ್ತು ಅಂತ ಕಿಟಕಿಗೆ ಅಂಟಿಸಿದ್ದೇನೆ.

ಬೀದರ್ ಅಕ್ಕ: ಕಾಕು!

ಕಾಕು: ತೆಗೆಯುತ್ತಿದ್ದೇನೆ, ತಡೆಯಿರಿ. ಟೇಪು ಗಟ್ಟಿ ಇದೆ.