ನಿಕಲ್ ಟ್ಯಾಂಕ್ ಕೆಲಸ, ಬೆರಳ ಸಂದಿಯಲ್ಲಿ ತುರಿಕೆ. ಕೆಲಸ ಬಿಡ್ಬೇಕಾ?

ಪ್ಲೇಟರ್_ಪೀಣ್ಯ:
ಪೀಣ್ಯ 2ನೇ ಹಂತದಲ್ಲಿ ಒಂದು ಚಿಕ್ಕ ಪ್ಲೇಟಿಂಗ್ ಶಾಪ್, ಸಾಮಾನಿಗೆ ಲೋಹದ ಲೇಪ ಹಾಕೋದು. ಆರು ವರ್ಷದಿಂದ ನಿಕಲ್ ಲೈನ್ ನನ್ನದೇ. ನಲ್ಲಿ ಸಾಮಾನು, ಬ್ಯಾಗಿನ ಬಕಲ್ಲು, ಜೀನ್ಸ್ ಗುಂಡಿ, ಏನು ಬಂದ್ರೂ ಜಿಗ್‌ಗೆ (ತೂಗುಹಾಕೋ ಚೌಕಟ್ಟಿಗೆ) ಕಟ್ಟು, ಆಸಿಡ್‌ಗೆ ಅದ್ದು, ತೊಳಿ, ಹಸಿರು ನೀರಿಗೆ ಇಳಿಸು. ಆ ನೀರಿಗೆ ಬಾತ್ ಅಂತೀವಿ, 55 ಡಿಗ್ರಿ ಇರುತ್ತೆ, ಕರೆಂಟ್ ಕೊಟ್ಟ ಕೂಡ್ಲೆ ಸಣ್ಣಗೆ ಹಬೆ ಏಳುತ್ತೆ. ಗ್ಲೌಸ್ ಕೊಟ್ಟಿದ್ದಾರೆ, ಆದ್ರೆ ಸಣ್ಣ ತಂತಿ ಕಟ್ಟೋವಾಗ ಗ್ಲೌಸಲ್ಲಿ ಬೆರಳೇ ಆಡಲ್ಲ, ತೆಗೆದುಬಿಡ್ತೀನಿ.

ಎರಡು ತಿಂಗಳಿಂದ ಬೆರಳ ಸಂದಿಯಲ್ಲಿ ನೀರುಗುಳ್ಳೆ. ರಾತ್ರಿ ತುರಿಸಿ ತುರಿಸಿ ರಕ್ತ ಬರುತ್ತೆ. ಮೆಡಿಕಲ್ ಶಾಪಲ್ಲಿ ಕಜ್ಜಿ ಅಂತ ಮುಲಾಮು ಕೊಟ್ರು, ಏನೂ ಆಗ್ಲಿಲ್ಲ. ವಿಚಿತ್ರ ಅಂದ್ರೆ ಹೊಕ್ಕಳ ಕೆಳಗೂ ಒಂದು ರೂಪಾಯಿ ಅಗಲ ಹಾಗೇ ಆಗಿದೆ. ಅಲ್ಲಿಗೆ ಬಾತ್ ನೀರು ಹೇಗೆ ಹೋಗುತ್ತೆ? ನಿಕಲ್‌ನಿಂದ ಕ್ಯಾನ್ಸರ್ ಅಂತಾನೂ ಯಾರೋ ಹೇಳಿದ್ರು. ಮನೇಲಿ ಎಂಟು ತಿಂಗಳ ಮಗಳಿದ್ದಾಳೆ. ಗೊತ್ತಿರೋರು ಹೇಳಿ.

ಚರ್ಮದ_ಡಾಕ್ಟ್ರಮ್ಮ:
ಹೊಕ್ಕಳ ಕೆಳಗೆ ನಿಮ್ಮ ಜೀನ್ಸ್ ಗುಂಡಿ ಕೂರುತ್ತಲ್ವಾ? ನೋಡದೆ ಖಚಿತವಾಗಿ ಹೇಳಲ್ಲ, ಆದ್ರೆ ಎರಡನ್ನೂ ಸೇರಿಸಿದ್ರೆ ನಿಕಲ್ ಅಲರ್ಜಿ ಅನ್ನಿಸುತ್ತೆ. ಬೆವರಿನ ಉಪ್ಪು ಲೋಹದಿಂದ ನಿಕಲ್ ಕಣಗಳನ್ನ ಬಿಡಿಸುತ್ತೆ, ಚರ್ಮ ಹೀರಿಕೊಳ್ಳುತ್ತೆ. ವರ್ಷಗಟ್ಟಲೆ ಸುಮ್ಮನಿದ್ದ ಮೈ ಒಂದು ದಿನ ಅದನ್ನ ಶತ್ರು ಅಂತ ಗುರುತಿಟ್ಟುಕೊಂಡುಬಿಡುತ್ತೆ. ಆಮೇಲೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯಲ್ಲ. ಮುಟ್ಟಿದ ತಕ್ಷಣ ಏನೂ ಆಗದೆ ಒಂದೆರಡು ದಿನ ಬಿಟ್ಟು ಗುಳ್ಳೆ ಏಳೋದ್ರಿಂದ ಜನ ಸಾಂಬಾರಿನ ಮೇಲೋ ಸೋಪಿನ ಮೇಲೋ ತಪ್ಪು ಹಾಕ್ತಾರೆ.

ಪ್ಯಾಚ್ ಟೆಸ್ಟ್ ಮಾಡಿಸಿ. ವ್ಯಾಸಲೀನಲ್ಲಿ 5% ನಿಕಲ್ ಸಲ್ಫೇಟ್ ಬೆರೆಸಿ ಬೆನ್ನಿಗೆ ಅಂಟಿಸ್ತಾರೆ, 48 ಗಂಟೆ ಬೆನ್ನು ಒದ್ದೆ ಮಾಡೋಹಾಗಿಲ್ಲ. ಅದೇ ಪಟ್ಟಿಯಲ್ಲಿ ಕ್ರೋಮಿಯಂ ಕೂಡ ಇರುತ್ತೆ. ಇಎಸ್‌ಐ ಕಾರ್ಡ್ ಇದ್ರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ವಿಚಾರಿಸಿ.

ಕ್ಯಾನ್ಸರ್ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲೇ ನಿಕಲ್ ಸಂಯುಕ್ತಗಳನ್ನ ಮೊದಲ ಗುಂಪಿಗೆ, ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರುವಂಥವು ಅನ್ನೋ ಗುಂಪಿಗೆ ಸೇರಿಸಿದೆ. ಆಧಾರ ಹೆಚ್ಚಾಗಿ ನಿಕಲ್ ಶುದ್ಧ ಮಾಡೋ ರಿಫೈನರಿ ಕಾರ್ಮಿಕರದ್ದು. ವೇಲ್ಸ್‌ನ ಕ್ಲೈಡಾಕ್‌ನಲ್ಲಿ ಹಿಂದೆ ದೂಳು ಕುಡಿದು ಕೆಲಸ ಮಾಡಿದವರಿಗೆ ಮೂಗಿನ, ಶ್ವಾಸಕೋಶದ ಕ್ಯಾನ್ಸರ್ ಬಂತು. ನಿಮ್ಮ ಕೈಯ ತುರಿಕೆ ಕ್ಯಾನ್ಸರ್ ಆಗಲ್ಲ. ಭಯ ಪಡಬೇಕಾದ್ದು ಆ ಹಬೆಗೆ. ಉಬ್ಬಸ ಇದ್ಯಾ?

ಹಳೇ_ಫೋರ್‌ಮನ್:
ತಮ್ಮಾ, ಇದು ಹೊಸದಲ್ಲ. ನಾನು ಸೇರಿದಾಗಲೇ ಹಿರಿಯರು ಇದಕ್ಕೆ ‘ನಿಕಲ್ ಇಚ್’ ಅಂತಿದ್ರು, ಬೇಸಿಗೇಲಿ ಜಾಸ್ತಿ. ಟ್ಯಾಂಕ್ ಅಂಚಿಗೆ ಹಬೆ ಎಳೆಯೋ ಸಕ್ಷನ್ ಇದ್ಯಾ? ಇಲ್ದಿದ್ರೆ ಓನರಿಗೆ ಹೇಳಿ ಮೊದಲು ತೇಲೋ ಪ್ಲಾಸ್ಟಿಕ್ ಚೆಂಡಾದ್ರೂ ಹಾಕಿಸು. ಬಾತ್ ಮೇಲೆ ಹಾಸಿಗೆ ಥರ ಕೂತ್ಕೊಳ್ಳುತ್ತೆ, ಹಬೇನೂ ಕಡಿಮೆ, ಹೀಟರ್ ಕರೆಂಟೂ ಉಳಿಯುತ್ತೆ. ಎರಡನೇದು ಹೇಳು, ಓನರ್ ಒಪ್ತಾನೆ.

ಜಿಗ್ ಕಟ್ಟೋದು ಒಣ ಕೈಯಲ್ಲಿ, ಟ್ಯಾಂಕಿಂದ ದೂರ. ಬಿಚ್ಚೋದು ತೊಳೆದ ಮೇಲೆ, ನೈಟ್ರೈಲ್ ಗ್ಲೌಸಲ್ಲಿ, ಒಳಗೆ ತೆಳು ಹತ್ತಿದು. ತೂತು ಬಿದ್ದ ಗ್ಲೌಸ್ ಹಾಕೋದಕ್ಕಿಂತ ಬರಿಗೈ ವಾಸಿ, ಬಾತ್ ನೀರು ಒಳಗೇ ನಿಂತು ಬೇಯಿಸುತ್ತೆ. ಕೈ ತೊಳೀದೆ ಬೀಡಿ ಮುಟ್ಟಬೇಡ. ಶಾಪ್ ಬಟ್ಟೆ ಶಾಪಲ್ಲೇ ಬದಲಾಯಿಸು, ಮಗು ಎತ್ತಿಕೊಳ್ಳೋ ಅಂಗಿ ಬೇರೆ ಇರಲಿ. ಕ್ರೋಮ್ ಟ್ಯಾಂಕೂ ಪಕ್ಕದಲ್ಲೇ ಇದ್ರೆ ಅದು ಇದಕ್ಕಿಂತ ಕೆಟ್ಟದ್ದು. ಮೂಗಿನ ನಡುಗೋಡೆ ತೂತಾದವರನ್ನ ಕಣ್ಣಾರೆ ನೋಡಿದೀನಿ.

ಸಿಎನ್‌ಸಿ_ದಾಸರಹಳ್ಳಿ:
ನಾನು ದಿನಾ ಇನ್‌ಕೊನೆಲ್ 718 ಕಡೀತೀನಿ, ವಿಮಾನದ ಜಾಬು, ಅರ್ಧಕ್ಕಿಂತ ಜಾಸ್ತಿ ನಿಕಲ್ಲೇ. ನನಗೇನೂ ಆಗಿಲ್ಲ. ಹಂಗಾದ್ರೆ ಸ್ಟೀಲ್ ಪಾತ್ರೇನೂ ಬಿಸಾಡಬೇಕಾ? 304 ಅನ್ನೋ ಪಾತ್ರೆ ಸ್ಟೀಲಲ್ಲೂ 8% ನಿಕಲ್ ಇದೆ.

ಚರ್ಮದ_ಡಾಕ್ಟ್ರಮ್ಮ:
ಬೇಡಪ್ಪಾ. ಸ್ಟೀಲಲ್ಲಿ ಕ್ರೋಮಿಯಂ ಪದರ ನಿಕಲ್‌ನ ಹಿಡಿದಿಟ್ಟಿರುತ್ತೆ, ಮುಟ್ಟಿದ್ರೆ ಬಿಡೋದು ಅತ್ಯಲ್ಪ. ತೀವ್ರ ಅಲರ್ಜಿ ಇರೋರು ಹೊಸ ಪಾತ್ರೇಲಿ ಹುಣಸೆಹುಳಿ, ಟೊಮೆಟೊ ಗಂಟೆಗಟ್ಟಲೆ ಕುದಿಸದಿದ್ರೆ ಸಾಕು. ನಿಮಗೆ ಆಗಿಲ್ಲ ಅಂದ್ರೆ ಇನ್ನೂ ಆಗಿಲ್ಲ ಅಂತಷ್ಟೇ. ಗ್ರೈಂಡಿಂಗ್ ದೂಳಿಗೆ ಮಾಸ್ಕ್ ಹಾಕಿ.

ಪ್ಲೇಟರ್_ಪೀಣ್ಯ:
ಮೂರು ವಾರ ಆಯ್ತು, ಏನಾಯ್ತು ಅಂತ ಬರೀತಿದೀನಿ. ಟೆಸ್ಟಲ್ಲಿ ನಿಕಲ್ ಜಾಗ ಕೆಂಪಗೆ ಊದಿಕೊಂಡಿತ್ತು, ಕ್ರೋಮ್ ಏನೂ ಇಲ್ಲ. ಉಬ್ಬಸಾನೂ ಇಲ್ಲ. ಕೆಮಿಕಲ್ ಮಾರೋ ಹುಡುಗ ಡೈಮಿಥೈಲ್‌ಗ್ಲೈಆಕ್ಸಿಮ್, ಅಮೋನಿಯಾ ತಂದಿದ್ದ, ನಿಕಲ್ ಇದ್ರೆ ಗುಲಾಬಿ ಬಣ್ಣ ತೋರಿಸುತ್ತೆ. ಹತ್ತಿಗೆ ಎರಡೆರಡು ಹನಿ ಹಾಕಿ ನನ್ನ ಜೀನ್ಸ್ ಗುಂಡಿ ಉಜ್ಜಿದೆ, ಹತ್ತಿ ಗುಲಾಬಿ ಬಣ್ಣ ಆಯ್ತು! ಯಾರಿಗೆ ಗೊತ್ತು, ನಾನೇ ಅದ್ದಿದ ಗುಂಡಿ ಇರಬಹುದು. ಹೆಂಡತಿ ಒಳಗಡೆ ಬಟ್ಟೆ ಹೊಲಿದುಕೊಟ್ಟಿದ್ದಾಳೆ, ಆ ಗಾಯ ಒಣಗಿದೆ.

ಫೋರ್‌ಮನ್ ಸಾರ್, ಕರೆಂಟ್ ಉಳಿಯುತ್ತೆ ಅಂದೆ, ಮಾರನೇ ದಿನವೇ ಚೆಂಡು ಬಂತು. ನನ್ನನ್ನ ಜಿಂಕ್ ಲೈನಿಗೆ ಹಾಕಿದ್ದಾರೆ, ಓಟಿ ಕಡಿಮೆ, ಇರಲಿ. ಡಾಕ್ಟ್ರೇ, ಇನ್ನೊಂದು. ಮುಂದಿನ ತಿಂಗಳು ಮಗಳಿಗೆ ಕಿವಿ ಚುಚ್ಚಿಸ್ತಿದೀವಿ. ಅತ್ತೆ ಸದ್ಯಕ್ಕೆ ಒನ್ ಗ್ರಾಂ ಗೋಲ್ಡ್ ಓಲೆ ಸಾಕು ಅಂತಿದ್ದಾರೆ.

ಚರ್ಮದ_ಡಾಕ್ಟ್ರಮ್ಮ:
ಅದು ಮಾತ್ರ ಬೇಡ. ಮೇಲಿನ ಚಿನ್ನದ ಕೆಳಗೆ ಎಷ್ಟೋ ಸಲ ನಿಕಲ್ ಇರುತ್ತೆ ಅಂತ ನಿಮಗೇ ಗೊತ್ತು, ಹಸಿ ಗಾಯಕ್ಕೆ ಅದನ್ನ ಹಾಕೋದೇ ಈ ಅಲರ್ಜಿ ಶುರುವಾಗೋ ದೊಡ್ಡ ದಾರಿ. 22 ಕ್ಯಾರೆಟ್ ಹಳದಿ ಚಿನ್ನದಲ್ಲಿ ಸಾಮಾನ್ಯವಾಗಿ ಬೆರೆಸೋದು ತಾಮ್ರ, ಬೆಳ್ಳಿ. ಸಾಸಿವೆಕಾಳಷ್ಟೇ ಆಗಲಿ, ಅದನ್ನೇ ಹಾಕಿಸಿ. ತಿರುಪೂ ಚಿನ್ನದ್ದೇ ಇದೆಯಾ ಅಂತ ಕೇಳಿ ತಗೊಳ್ಳಿ.