ಬಿಸಿಯಾದ ಮೇಲೆ ನಿಂತುಹೋಗುವ ಹಳೆಯ ಕಾರು: ದೋಷ ಪೆಟ್ರೋಲಿನದೋ, ಕಿಡಿಯದೋ?

ಪ್ರಶ್ನೆ

ನಮಸ್ಕಾರ. ನನ್ನ ಬಳಿ 1960ರ ದಶಕದ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರೊಂದಿದೆ. ಎಸ್‌ಯು ಕಾರ್ಬ್ಯುರೇಟರ್, ಎಂಜಿನ್ನಿಗೇ ಜೋಡಿಸಿದ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್, ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಜೋಡಿಸುವ ಸ್ವಿಚ್) ಮತ್ತು ಅದರ ಜೊತೆಗಿನ ಕಂಡೆನ್ಸರ್ ಇರುವ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಎಲ್ಲವೂ ಮೂಲ ವಿನ್ಯಾಸದಂತೆಯೇ ಇವೆ. ತಣ್ಣಗಿರುವಾಗ ಚೋಕ್ ಎಳೆದು ಸೆಲ್ಫ್ ಹೊಡೆದರೆ ಎಂಜಿನ್ ಕೂಡಲೇ ಸ್ಟಾರ್ಟ್ ಆಗುತ್ತದೆ. ಪಿಕಪ್ ಕೂಡ ಚೆನ್ನಾಗಿದೆ. ಆದರೆ ಅರ್ಧ ಗಂಟೆಯಷ್ಟು ಓಡಿದ ಮೇಲೆ, ಅದರಲ್ಲೂ ದಟ್ಟಣೆಯಲ್ಲಿ ನಿಂತು ನಿಂತು ಸಾಗುವಾಗ, ಒಂದೆರಡು ಬಾರಿ ಮಿಸ್ ಹೊಡೆದು ಆಫ್ ಆಗಿಬಿಡುತ್ತದೆ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ತಿರುಗುತ್ತದೆಯೇ ಹೊರತು ಹಿಡಿದುಕೊಳ್ಳುವುದಿಲ್ಲ. ಬಾನೆಟ್ ತೆರೆದು ಚೆನ್ನಾಗಿ ತಣಿಯಲು ಬಿಟ್ಟರೆ, ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ.

ಟೆಂಪರೇಚರ್ ಮುಳ್ಳು ಎಂದಿನ ಜಾಗದಲ್ಲೇ ಇರುತ್ತದೆ, ರೇಡಿಯೇಟರಿನ ನೀರೂ ಕಡಿಮೆಯಾಗಿಲ್ಲ. ಹಿಂದಿನ ಸರ್ವಿಸಿನಲ್ಲಿ ಪ್ಲಗ್, ಪಾಯಿಂಟ್, ಕಂಡೆನ್ಸರ್, ರೋಟರ್ ಎಲ್ಲವನ್ನೂ ಹೊಸದಾಗಿ ಹಾಕಿಸಿದ್ದೇನೆ. ಒಬ್ಬರು ಎಲೆಕ್ಟ್ರಿಕ್ ಪಂಪ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಬದಲಿಸಿ ಎನ್ನುತ್ತಾರೆ, ಮತ್ತೊಬ್ಬರು ಕಾರ್ಬ್ಯುರೇಟರನ್ನು ಪೂರ್ತಿ ಬಿಚ್ಚಿಸಬೇಕು ಎನ್ನುತ್ತಾರೆ. ಎಲ್ಲಕ್ಕೂ ಹಣ ಸುರಿಯುವ ಮೊದಲು ಎಲ್ಲಿಂದ ಆರಂಭಿಸಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ನೀವು ಹೇಳಿದ ಲಕ್ಷಣಗಳು, ಪೆಟ್ರೋಲ್ ದಾರಿಯಲ್ಲೇ ಆವಿಯಾಗಿ ಹರಿವು ನಿಲ್ಲುವ ವೇಪರ್ ಲಾಕ್‌ಗೆ ಸರಿಯಾಗಿ ಹೊಂದುತ್ತವೆ. ಪೆಟ್ರೋಲ್ ನೀರಿನಂತೆ ಒಂದೇ ಉಷ್ಣಾಂಶದಲ್ಲಿ ಕುದಿಯುವ ದ್ರವವಲ್ಲ. ಅದರಲ್ಲಿರುವ ಹಗುರ ಅಂಶಗಳು 35–40 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲೇ ಆವಿಯಾಗತೊಡಗುತ್ತವೆ, ಭಾರದ ಅಂಶಗಳಿಗೆ 200 ಡಿಗ್ರಿಯವರೆಗೂ ಬೇಕಾಗುತ್ತದೆ. ಪಂಪು ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ ನಿಧಾನ ಚಾಲನೆಯಲ್ಲಿ ಅದೂ ಪೈಪೂ ಕಾದು, ಒಳಗೆ ಆವಿಯ ಗುಳ್ಳೆ ಕಟ್ಟಿಕೊಳ್ಳುತ್ತದೆ. ಪಂಪು ದ್ರವವನ್ನು ಎಳೆಯಬಲ್ಲದು, ಆವಿಯನ್ನು ಎಳೆಯಲಾರದು. ಎಥನಾಲ್ ಬೆರೆತ ಇಂದಿನ ಪೆಟ್ರೋಲಿನಲ್ಲಿ ಈ ತೊಂದರೆ ಹೆಚ್ಚು. ಪೈಪನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ದೂರಕ್ಕೆ ಸರಿಸಿ, ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಶಾಖ ತಡೆಯುವ ತಗಡು ಇದೆಯೇ ಎಂದು ನೋಡಿ. ಪೈಪಿಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ಸಿಕ್ಕಿಸುವ ಪದ್ಧತಿಯೊಂದಿದೆ. ಅದರಿಂದ ಕಾರಿಗಿಂತ ಮಾಲೀಕರ ಮನಸ್ಸಿಗೆ ಹೆಚ್ಚು ಸಮಾಧಾನವಾಗುತ್ತದೆ.

ಉತ್ತರ 2

ವೇಪರ್ ಲಾಕ್ ಆಗಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಹಳೆಯ ಕಾರು ಬಿಸಿಯಲ್ಲಿ ನಿಂತಿತೆಂದರೆ ಎಲ್ಲರ ಬಾಯಿಗೂ ಮೊದಲು ಬರುವ ಹೆಸರು ಅದೇ, ಮತ್ತು ಕಿಡಿಯ ದೋಷವಿರುವ ಎಷ್ಟೋ ಕಾರುಗಳಿಗೆ ಈ ಅನುಮಾನದಿಂದಲೇ ಹೊಸ ಪಂಪು ಕೂಡಿಸಿರುತ್ತಾರೆ. ಕಾಯಿಲ್ ಆಗಲಿ ಕಂಡೆನ್ಸರ್ ಆಗಲಿ ಬಿಸಿಯಾದಾಗ ಕೈಕೊಟ್ಟು ತಣಿದಾಗ ಸರಿಹೋಗುವುದು ತೀರ ಸಾಮಾನ್ಯವಾದ್ದರಿಂದ, ಹೊರಗಿನಿಂದ ನೋಡಿದವರಿಗೆ ಎರಡೂ ದೋಷಗಳು ಒಂದೇ ರೀತಿ ಕಾಣುತ್ತವೆ. ತಣ್ಣಗಿರುವ ಎಂಜಿನ್ನನ್ನು ಶೆಡ್ಡಿನಲ್ಲಿ ಎಷ್ಟು ಪರೀಕ್ಷಿಸಿದರೂ ಇದು ಬಯಲಾಗುವುದಿಲ್ಲ. ಎಂಜಿನ್ ನಿಂತ ಆ ಹೊತ್ತಿನಲ್ಲೇ, ಅದು ತಣಿಯುವ ಮೊದಲೇ, ನೋಡಬೇಕು. ಆದ್ದರಿಂದ ಪ್ಲಗ್ ಸ್ಪ್ಯಾನರ್, ಹಿಡಿಗೆ ಇನ್ಸುಲೇಷನ್ ಇರುವ ಇಕ್ಕಳ, ಒಂದು ಟೆಸ್ಟ್ ಲ್ಯಾಂಪ್ ಕಾರಿನಲ್ಲೇ ಇರಲಿ. ಬೆಂಕಿ ನಂದಿಸುವ ಸಿಲಿಂಡರ್ ಹೇಗೂ ಇರಲೇಬೇಕು.

ಕಾರು ನಿಂತ ಕೂಡಲೇ ಒಂದು ಪ್ಲಗ್ ಬಿಚ್ಚಿ ತುದಿಯನ್ನು ನೋಡಿ. ಅಷ್ಟು ಹೊತ್ತು ಸೆಲ್ಫ್ ಹೊಡೆದ ಮೇಲೂ ಅದು ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಬಿಚ್ಚಿದ ಪ್ಲಗ್ಗನ್ನು ಹಾಕಿ ಬಿಗಿದು, ಸೋರಿದ ಪೆಟ್ರೋಲ್ ಎಲ್ಲೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಪರೀಕ್ಷೆ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನಿಂದ ಕಾಯಿಲ್ ವೈರನ್ನು ಎಳೆದು, ಇಕ್ಕಳದಲ್ಲಿ ಹಿಡಿದು, ಅದರ ತುದಿಯನ್ನು ಎಂಜಿನ್ ಬ್ಲಾಕಿನಿಂದ ಸುಮಾರು 6 ಮಿಲಿಮೀಟರ್ ದೂರದಲ್ಲಿಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಚಟ್ ಚಟ್ ಎಂದು ಸದ್ದು ಮಾಡುತ್ತ ನೀಲಿ ಕಿಡಿ ಹಾರಿದರೆ ಕಾಯಿಲಿನವರೆಗೆ ಎಲ್ಲವೂ ಸರಿಯಿದೆ. ಸದ್ದಿಲ್ಲದ, ಹಳದಿ ಬಣ್ಣದ ಬಡಕಲು ಕಿಡಿ ಬಂದರೆ, ಇಲ್ಲವೇ ಕಿಡಿಯೇ ಬಾರದಿದ್ದರೆ, ಕಾರ್ಬ್ಯುರೇಟರನ್ನು ಮುಟ್ಟುವ ಅಗತ್ಯವೇ ಇಲ್ಲ.

ಕಿಡಿ ದುರ್ಬಲವೆಂದಾದರೆ ಕ್ಯಾಪ್ ಮತ್ತು ರೋಟರ್ ತೆಗೆದು, ಪಾಯಿಂಟುಗಳು ಮುಚ್ಚಿಕೊಂಡಿರುವ ಸ್ಥಿತಿಗೆ ಎಂಜಿನ್ನನ್ನು ತಿರುಗಿಸಿ, ಇಗ್ನಿಷನ್ ಆನ್ ಮಾಡಿ, ಕಡ್ಡಿಯೊಂದರಿಂದ ಪಾಯಿಂಟನ್ನು ಬಿಡಿಸಿ ನೋಡಿ. ಪಾಯಿಂಟುಗಳ ನಡುವೆ ಕಂಡೂ ಕಾಣದಷ್ಟು ಸಣ್ಣ ಕಿಡಿ ಇರುವುದು ಸಹಜ. ಕಣ್ಣು ಕುಕ್ಕುವ ದಪ್ಪ ಕಿಡಿ ಅಲ್ಲೇ ಹಾರಿದರೆ ಮೊದಲು ಕಂಡೆನ್ಸರನ್ನು ಅನುಮಾನಿಸಿ. ಕಿಡಿ ಒಮ್ಮೆ ಬಂದು ಒಮ್ಮೆ ಬಾರದಿದ್ದರೆ ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟಿಗೆ ಹೋಗುವ ಪುಟ್ಟ ವೈರನ್ನು ನೋಡಿ. ಪಾಯಿಂಟುಗಳು ಕೂತಿರುವ ವ್ಯಾಕ್ಯೂಮ್ ಅಡ್ವಾನ್ಸ್ ಪ್ಲೇಟ್ ಅಲುಗಿದಾಗಲೆಲ್ಲ ಅದೂ ಬಾಗಿ ಬಾಗಿ, ಹೊರಕವಚ ಚೆನ್ನಾಗಿಯೇ ಇದ್ದು ಒಳಗಿನ ತಂತಿ ತುಂಡಾಗಿರುತ್ತದೆ. ಕಾಯಿಲಿನ ಪ್ರೈಮರಿ ರೆಸಿಸ್ಟೆನ್ಸನ್ನೂ ಅಳೆದು ತಿಳಿಸಿ: ಬ್ಯಾಲಸ್ಟ್ (ಕಾಯಿಲಿಗೆ ಹೋಗುವ ಕರೆಂಟನ್ನು ತಗ್ಗಿಸುವ ರೆಸಿಸ್ಟರ್) ಬೇಡದ 12 ವೋಲ್ಟಿನ ಕಾಯಿಲ್ ಆದರೆ ಸುಮಾರು 3 ಓಮ್, ಬ್ಯಾಲಸ್ಟ್ ಬೇಕಾದದ್ದಾದರೆ ಸುಮಾರು 1.5 ಓಮ್ ತೋರಿಸುತ್ತದೆ. ಎರಡನೆಯ ಬಗೆಯದನ್ನು ಬ್ಯಾಲಸ್ಟ್ ಇಲ್ಲದೆ ನೇರವಾಗಿ ಜೋಡಿಸಿದ್ದರೆ ಕಾಯಿಲೂ ಪಾಯಿಂಟೂ ಎರಡೂ ಸುಡುತ್ತವೆ.

ಹೊಸದಾಗಿ ಹಾಕಿಸಿದ ಭಾಗಗಳನ್ನು ಅನುಮಾನದ ಪಟ್ಟಿಯಿಂದ ಬಿಡಬೇಡಿ. ನನ್ನ ಪ್ರಕಾರ ಅವೇ ಪಟ್ಟಿಯ ಮೊದಲಲ್ಲಿರಬೇಕು.

ಉತ್ತರ 3

ಮೇಲಿನವರ ಮಾತಿಗೆ ಎರಡು ಸೇರ್ಪಡೆಗಳು. ಕಾರ್ಬ್ಯುರೇಟರಿನ ಬಾಯಿಯೊಳಗೆ ನೋಡುತ್ತ ಆಕ್ಸಿಲರೇಟರ್ ಒತ್ತಿ, ಪೆಟ್ರೋಲ್ ಚಿಮ್ಮುತ್ತದೆಯೇ ಎಂದು ನೋಡುವ ಸುಲಭದ ಪರೀಕ್ಷೆಯನ್ನು ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ಎಸ್‌ಯು ಕಾರ್ಬ್ಯುರೇಟರಿನಲ್ಲಿ ಆಕ್ಸಿಲರೇಟರ್ ಪಂಪ್ ಇಲ್ಲದಿರುವುದರಿಂದ ಎಲ್ಲವೂ ಸರಿಯಿದ್ದಾಗಲೂ ಅಲ್ಲಿ ಏನೂ ಚಿಮ್ಮುವುದಿಲ್ಲ. ಕಾರ್ಬ್ಯುರೇಟರಿಗೆ ಬರುವ ಪೆಟ್ರೋಲ್ ಸಂಗ್ರಹವಾಗುವ ಫ್ಲೋಟ್ ಚೇಂಬರಿನ ಮುಚ್ಚಳ ತೆಗೆದು ಪೆಟ್ರೋಲ್ ಎಷ್ಟಿದೆ ಎಂದು ನೋಡುವುದೇ ಸರಿಯಾದ ದಾರಿ.

ಎರಡನೆಯದಾಗಿ, ಎಂಜಿನ್ ನಿಂತಾಗ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಒಮ್ಮೆ ತೆರೆಯಿರಿ. ಗಾಳಿ ಸುಯ್ಯೆಂದು ಒಳಗೆ ನುಗ್ಗಿದರೆ ಟ್ಯಾಂಕಿನ ಗಾಳಿರಂಧ್ರ ಕಟ್ಟಿದೆ ಎಂದರ್ಥ, ಅದರಿಂದಲೂ ಎಂಜಿನ್ ಇಷ್ಟೇ ದೂರ ಓಡಿ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರಿಂದ

ತಾವೆಲ್ಲ ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಬೇಕೆಂದೇ ದಟ್ಟಣೆಯ ದಾರಿಯಲ್ಲಿ ಕಾರನ್ನು ಓಡಿಸಿದೆ, ನಿರೀಕ್ಷೆಯಂತೆ ನಿಂತಿತು. ಪಕ್ಕಕ್ಕೆ ತಳ್ಳಿ, ಹೇಳಿದ ಕ್ರಮದಲ್ಲೇ ನೋಡಿದೆ. ಟ್ಯಾಂಕಿನ ಮುಚ್ಚಳ ತೆರೆದಾಗ ಯಾವ ಸದ್ದೂ ಬರಲಿಲ್ಲ. ಪ್ಲಗ್ ಒದ್ದೆಯಾಗಿತ್ತು, ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲ್ ಇರಬೇಕಾದಷ್ಟು ಇತ್ತು. ಕಾಯಿಲ್ ವೈರಿನಿಂದ ಬಂದ ಕಿಡಿ ಹಳದಿಯಾಗಿದ್ದು, ವೈರನ್ನು ಬ್ಲಾಕಿಗೆ ತೀರ ಹತ್ತಿರ ತಂದರಷ್ಟೇ ಹಾರುತ್ತಿತ್ತು. ಪಾಯಿಂಟನ್ನು ಕಡ್ಡಿಯಿಂದ ಬಿಡಿಸಿದಾಗ ಮಾತ್ರ ಹಗಲು ಬೆಳಕಿನಲ್ಲೂ ಎದ್ದು ಕಾಣುವ ಕಿಡಿ ಅಲ್ಲೇ ಹಾರಿತು. ಕಾಯಿಲಿನ ಪ್ರೈಮರಿ 3.1 ಓಮ್ ತೋರಿಸಿತು, ಕಾರಿನ ವೈರಿಂಗಿನಲ್ಲಿ ಬ್ಯಾಲಸ್ಟ್ ಇಲ್ಲ.

ಸರ್ವಿಸಿನಲ್ಲಿ ತೆಗೆದಿದ್ದ ಹಳೆಯ ಕಂಡೆನ್ಸರ್ ಡಿಕ್ಕಿಯಲ್ಲಿದ್ದ ಡಬ್ಬಿಯಲ್ಲೇ ಸಿಕ್ಕಿತು. ಬೇರೇನನ್ನೂ ಮುಟ್ಟದೆ ಅದನ್ನಷ್ಟೇ ಹಾಕಿ, ಕಾದಿದ್ದ ಎಂಜಿನ್ನಿಗೇ ಸೆಲ್ಫ್ ಹೊಡೆದಾಗ ತಕ್ಷಣ ಸ್ಟಾರ್ಟ್ ಆಯಿತು. ಆಮೇಲೆ ಅದೇ ದಾರಿಯಲ್ಲಿ ಮತ್ತೆ ಓಡಿಸಿದರೂ ನಿಂತಿಲ್ಲ. ಇಷ್ಟು ಚಿಕ್ಕ ಭಾಗ ಇಡೀ ಎಂಜಿನ್ನನ್ನು ಹೇಗೆ ನಿಲ್ಲಿಸುತ್ತದೆ ಎಂಬುದು ನನಗೆ ಸ್ಪಷ್ಟವಾಗಿಲ್ಲ. ಪಾಯಿಂಟುಗಳ ಮೇಲೆ ಒಂದು ಕಡೆ ಚಿಕ್ಕ ಗುಬುಟು, ಎದುರು ಕಡೆ ಚಿಕ್ಕ ಗುಳಿ ಕಾಣುತ್ತಿವೆ, ಅವನ್ನೂ ಬದಲಿಸಬೇಕೇ?

ಉತ್ತರ 2

ಪರೀಕ್ಷೆಯನ್ನು ಅಚ್ಚುಕಟ್ಟಾಗಿ ಮಾಡಿದ್ದೀರಿ. ಒಂದೇ ಭಾಗವನ್ನು ಬದಲಿಸಿ ನೋಡಿದ್ದರಿಂದ ಕಾರಣದ ಬಗ್ಗೆ ಈಗ ಸಂಶಯ ಉಳಿದಿಲ್ಲ.

ಪಾಯಿಂಟುಗಳು ಮುಚ್ಚಿದ್ದಾಗ ಕಾಯಿಲಿನ ಪ್ರೈಮರಿ ಸುತ್ತಿನಲ್ಲಿ ಕರೆಂಟ್ ಹರಿದು ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ಪಾಯಿಂಟು ತೆರೆದ ಕ್ಷಣ ಆ ಕ್ಷೇತ್ರ ಫಕ್ಕನೆ ಕುಸಿಯಬೇಕು. ಕುಸಿತ ಎಷ್ಟು ವೇಗವಾಗಿ ನಡೆಯುತ್ತದೋ ಸೆಕೆಂಡರಿ ಸುತ್ತಿನಲ್ಲಿ ಅಷ್ಟು ಹೆಚ್ಚು ವೋಲ್ಟೇಜ್ ಹುಟ್ಟುತ್ತದೆ. ಕಂಡೆನ್ಸರ್ ಇಲ್ಲದಿದ್ದರೆ ಕರೆಂಟು ತೆರೆಯುತ್ತಿರುವ ಪಾಯಿಂಟಿನ ಸಂದಿಯನ್ನೇ ಕಿಡಿಯಾಗಿ ದಾಟುತ್ತ ಹರಿಯುತ್ತಲೇ ಇರುತ್ತದೆ, ಕ್ಷೇತ್ರ ನಿಧಾನವಾಗಿ ಕರಗುತ್ತದೆ, ಪ್ಲಗ್ಗಿಗೆ ಬೇಕಾದ ಸಾವಿರಾರು ವೋಲ್ಟ್ ಹುಟ್ಟುವುದೇ ಇಲ್ಲ. ಸುಮಾರು 0.2 ಮೈಕ್ರೋಫ್ಯಾರಡ್ ಸಾಮರ್ಥ್ಯದ ಆ ಪುಟ್ಟ ಡಬ್ಬಿ ಆ ಕ್ಷಣದ ಕರೆಂಟನ್ನು ತನ್ನೊಳಗೆ ಎಳೆದುಕೊಂಡು ಇದನ್ನು ತಪ್ಪಿಸುತ್ತದೆ. ಒಳಗಿನ ಇನ್ಸುಲೇಷನ್ ಕಳಪೆಯಾಗಿದ್ದರೆ ಬಿಸಿಯೇರಿದಂತೆ ಕರೆಂಟ್ ಸೋರತೊಡಗುತ್ತದೆ. ಡಿಸ್ಟ್ರಿಬ್ಯೂಟರ್ ಬ್ಲಾಕಿಗೇ ತಗುಲಿಕೊಂಡಿರುವುದರಿಂದ ನಿಧಾನ ಚಾಲನೆಯಲ್ಲಿ ಅದಕ್ಕೆ ಬಿಸಿಯ ಕೊರತೆಯಿಲ್ಲ. ಎಂಜಿನ್ ನಿಂತ ಮೇಲಂತೂ ಫ್ಯಾನ್ ಗಾಳಿಯೂ ನೀರಿನ ಸುತ್ತಾಟವೂ ನಿಲ್ಲುವುದರಿಂದ ಬಾನೆಟ್ ಒಳಗಿನ ಶಾಖ ಸ್ವಲ್ಪ ಹೊತ್ತು ಏರುತ್ತಲೇ ಹೋಗುತ್ತದೆ. ಕೂಡಲೇ ಮತ್ತೆ ಸ್ಟಾರ್ಟ್ ಆಗದಿದ್ದುದು ಇದೇ ಕಾರಣಕ್ಕೆ.

ಪಾಯಿಂಟುಗಳನ್ನು ಬದಲಿಸುವುದೇ ಒಳ್ಳೆಯದು. ಲೋಹ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿ ಗುಬುಟೂ ಗುಳಿಯೂ ಆಗಿರುವುದು ಕಂಡೆನ್ಸರ್ ಸರಿಯಿರಲಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ. ಇಂಥ ಪಾಯಿಂಟಿನಲ್ಲಿ ಸಂದಿ ಅಳೆಯುವ ಫೀಲರ್ ಗೇಜ್ ಗುಬುಟಿನ ತಲೆಯನ್ನಷ್ಟೇ ಮುಟ್ಟುವುದರಿಂದ ಅಳತೆ ಸುಳ್ಳಾಗುತ್ತದೆ. ಹೊಸ ಪಾಯಿಂಟಿನ ಗ್ಯಾಪನ್ನು ನಿಮ್ಮ ಕಾರಿನ ಕೈಪಿಡಿಯಂತೆ ಇಡಿ. ಆ ಕಾಲದ ಅನೇಕ ಕಾರುಗಳಲ್ಲಿ ಅದು 0.015 ಇಂಚು, ಅಂದರೆ ಸುಮಾರು 0.4 ಮಿಲಿಮೀಟರ್. ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಹಾರುವ ಕ್ಷಣವೂ) ಬದಲಾಗುತ್ತದೆ, ಗ್ಯಾಪ್ ಹೆಚ್ಚಿದರೆ ಟೈಮಿಂಗ್ ಮುಂದಕ್ಕೆ, ಕಡಿಮೆಯಾದರೆ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್ ಲೈಟ್. ಪಾಯಿಂಟನ್ನು ತೆರೆಯುವ ಕ್ಯಾಮ್ ಮೇಲೆ ಉಜ್ಜುವ, ಪಾಯಿಂಟಿನ ಹಿಮ್ಮಡಿಗೆ ಚೂರು ಗ್ರೀಸ್ ಹಚ್ಚುವುದನ್ನು ಮರೆಯಬೇಡಿ, ಅದು ಸವೆದರೆ ಗ್ಯಾಪ್ ತಾನಾಗಿಯೇ ಮುಚ್ಚಿಕೊಳ್ಳುತ್ತ ಬರುತ್ತದೆ.

ಉತ್ತರ 1

ನನ್ನ ಊಹೆಗೆ ಒದ್ದೆ ಪ್ಲಗ್ಗೇ ಉತ್ತರ ಕೊಟ್ಟಿದೆ. ಆದರೂ ಬಾನೆಟ್ ತೆರೆದಿರುವಾಗಲೇ ಪೆಟ್ರೋಲ್ ಪೈಪಿನ ರಬ್ಬರ್ ತುಂಡುಗಳನ್ನು ಬೆರಳಿನಿಂದ ಒತ್ತಿ ನೋಡಿ. ಎಥನಾಲಿಗೆ ಹೊಂದದ ಹಳೆಯ ರಬ್ಬರು ಮೆತ್ತಗಾಗಿರುತ್ತದೆ ಇಲ್ಲವೇ ಬಿರುಕು ಬಿಟ್ಟಿರುತ್ತದೆ. ಕಾದ ಮ್ಯಾನಿಫೋಲ್ಡ್ ಮೇಲೆ ಅದು ಸೋರುವವರೆಗೆ ಕಾಯಬಾರದು.

ಪ್ರಶ್ನೆ ಕೇಳಿದವರಿಂದ

ನೋಡಿದೆ. ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ತುಂಡು ಬಾಗಿಸಿದ ಕಡೆ ಸಣ್ಣಗೆ ಸೀಳಿದೆ, ಇನ್ನೂ ಸೋರುತ್ತಿಲ್ಲ. ಎಥನಾಲ್ ತಡೆಯುವ ಪೈಪ್ ಮತ್ತು ಹೊಸ ಪಾಯಿಂಟುಗಳನ್ನು ಹಾಕಿ, ಟೈಮಿಂಗ್ ನೋಡಿದ ಮೇಲೆಯೇ ಕಾರನ್ನು ಹೊರಗೆ ತೆಗೆಯುತ್ತೇನೆ.